ಬಟ್ಟಲಿನ ಮೇಲೆ ಹುಲ್ಲಿನ ಗೆರೆ

ಜಪಾನಿನ ಒಕಾಯಾಮಾದಿಂದ ಲೋಕಲ್ ರೈಲು ಹತ್ತಿ ಇಂಬೆಯಲ್ಲಿ ಇಳಿದೆ. ಸಣ್ಣ ಊರು. ಮನೆಗಳ ನಡುವೆ ಅಲ್ಲಲ್ಲಿ ಇಟ್ಟಿಗೆಯ ಚಿಮಣಿಗಳು. ಬಿಜೆನ್ ಕುಂಬಾರಿಕೆಯ ಊರು ಇದು. ಇಲ್ಲಿಯ ದೇವಸ್ಥಾನದ ಮಾಡಿಗೂ ಬಿಜೆನ್ ಮಣ್ಣಿನ ಹೆಂಚೇ.

ಜೊತೆಗೆ ಬಂದಿದ್ದ ಸಹೋದ್ಯೋಗಿ ಒಂದು ಅಂಗಡಿಗೆ ಕರೆದುಕೊಂಡು ಹೋದಳು. ಅಂಗಡಿಯ ಅಜ್ಜಿ ಒಂದು ಬಟ್ಟಲನ್ನು ನನ್ನ ಕೈಗಿಟ್ಟರು. ತಿಳಿ ಕಂದು ಮಣ್ಣಿನ ಮೇಲೆ ಕೆಂಪು ಗೆರೆಗಳು, ಯಾರೋ ದಾರ ಸುತ್ತಿ ಬಿಚ್ಚಿದ ಹಾಗೆ. "ಯಾವ ಬಣ್ಣ ಹಚ್ಚಿದ್ದಾರೆ?" ಅಂತ ಕೇಳಿದೆ. ಅಜ್ಜಿ ಕೈ ಆಡಿಸಿದರು. ಬಣ್ಣವೂ ಇಲ್ಲ, ಮೆರುಗಿನ ಲೇಪವೂ ಇಲ್ಲ. ಅದು ಭತ್ತದ ಹುಲ್ಲು!

ನಾನು ಗದ್ದೆ ಇರುವ ಮನೆಯಲ್ಲಿ ಬೆಳೆದವಳು. ಮಡಕೆ ಉರುಳದ ಹಾಗೆ ಅಮ್ಮ ಹುಲ್ಲಿನ ಸಿಂಬೆ ಮಾಡಿ ಅದರ ಮೇಲೆ ಕೂರಿಸುತ್ತಿದ್ದರು. ಇಲ್ಲೂ ಹುಲ್ಲಿನ ಕೆಲಸ ಮೊದಲು ಅಂಥದ್ದೇ ಆಗಿತ್ತಂತೆ. ಆವಿಗೆಯಲ್ಲಿ ಪಾತ್ರೆಗಳು ಒಂದಕ್ಕೊಂದು ಅಂಟದಿರಲಿ ಅಂತ ನಡುವೆ ಹುಲ್ಲು ಇಡುತ್ತಿದ್ದರು. ಬೆಂಕಿಯಲ್ಲಿ ಹುಲ್ಲು ಉರಿದುಹೋಗುತ್ತದೆ. ಆದರೆ ಅದರೊಳಗಿನ ಕ್ಷಾರ ಮಣ್ಣಿನ ಕಬ್ಬಿಣದ ಜೊತೆ ಸೇರಿ ಕೆಂಪು ಗೆರೆಯಾಗಿ ಉಳಿಯುತ್ತದೆ. ಇದಕ್ಕೆ 'ಹಿದಾಸುಕಿ' ಅನ್ನುತ್ತಾರೆ. ಮಣ್ಣೂ ಗದ್ದೆಯದ್ದೇ, ಆಳದಿಂದ ಅಗೆದು ತೆಗೆದದ್ದು. ಜಿಗುಟು ಜಾಸ್ತಿ. ಬೇಗ ಬಿಸಿ ಮಾಡಿದರೆ ಬಿರುಕು ಬಿಡುತ್ತದೆ. ಅದಕ್ಕೇ ಕೆಂಪು ಪೈನ್ ಸೌದೆ ಹಾಕುತ್ತಾ, ಹತ್ತು ದಿನಕ್ಕೂ ಹೆಚ್ಚು ಹಗಲು ರಾತ್ರಿ ಸುಡುತ್ತಾರೆ. ಶಾಖ 1,200 ಡಿಗ್ರಿ ದಾಟುತ್ತದೆ. ಅಷ್ಟು ಬೆಂದ ಮೇಲೆ ಮಣ್ಣು ಕಲ್ಲಿನಂತಾಗಿ, ಲೇಪವಿಲ್ಲದೆಯೂ ನೀರು ಹಿಡಿದಿಡುತ್ತದೆ. "ಬಿಜೆನ್ ಒರಳು ಎಸೆದರೂ ಒಡೆಯದು" ಅಂತ ಗಾದೆಯೇ ಇದೆ. ಅಜ್ಜಿ ಅದನ್ನು ಹೇಳುವಾಗ ಮುಖದಲ್ಲಿ ಎಂಥ ಹೆಮ್ಮೆ!

ಇಂಥ ಆರು ಹಳೆಯ ಕುಂಬಾರಿಕೆ ಊರುಗಳನ್ನು ಜಪಾನ್ ಸರ್ಕಾರ 2017ರಲ್ಲಿ ಒಟ್ಟಿಗೆ ದೇಶದ ಪರಂಪರೆ ಎಂದು ಗುರುತಿಸಿದೆ. ಇವತ್ತಿಗೂ ಆವಿಗೆ ಉರಿಯುತ್ತಿದೆಯಲ್ಲ, ನನಗೆ ಅದೇ ದೊಡ್ಡದು ಅನ್ನಿಸಿತು.

ಆ ಬಟ್ಟಲನ್ನೇ ಕೊಂಡೆ. ರಾತ್ರಿ ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿ ಎಲ್ಲ ಹೇಳಿದೆ. ಅಮ್ಮ ಕನ್ನಡಕ ಏರಿಸಿಕೊಂಡು ತುಂಬ ಹೊತ್ತು ನೋಡಿದರು.

"ನಮ್ಮ ಗದ್ದೆ ಹುಲ್ಲು ಇಟ್ಟರೂ ಹೀಗೆ ಗೆರೆ ಬರುತ್ತೇನೇ?"