ಮಾವನ ಹಾಯಿದೋಣಿ, ನನ್ನ ಸೊಂಟ

ಮಳೆ ಬಿಟ್ಟಿತಲ್ಲ ಅಂತ ಚಂದ್ರಗಿರಿ ಹೊಳೆಬದಿಯಲ್ಲಿರುವ ಮಾವನ ಹಳೆಯ ಫೈಬರ್ ಹಾಯಿದೋಣಿಯ ಟಾರ್ಪಾಲು ತೆಗೆದೆ. ಡೆಕ್ ಮೇಲೆ ಕಾಲಿಟ್ಟದ್ದೇ ತಡ, ಜಾರಿದೆ. ಸೊಂಟ ಉಳಿದದ್ದು ಪುಣ್ಯ.

ಜಾರಬಾರದೆಂದು ಅಚ್ಚಿನಲ್ಲೇ ಮೂಡಿಸಿದ್ದ ಗೀರುಗಳು ಸವೆದು ನುಣ್ಣಗಾಗಿವೆ. ಮೇಲೆ ಹಾವಸೆ ಬೇರೆ. ಹೋದ ವರ್ಷ ಹೊಳೆಯಲಿ ಅಂತ ಕಾರಿನ ವ್ಯಾಕ್ಸ್ ಉಜ್ಜಿದ ಮಹಾನುಭಾವ ನಾನೇ!

ಈಗ ಹಾವಸೆಗೆ ಸೋಪು ನೀರು, ಮೆತ್ತನೆ ಬ್ರಷ್; ವ್ಯಾಕ್ಸಿಗೆ ಅದನ್ನು ಕರಗಿಸುವ ದ್ರಾವಕ. ವ್ಯಾಕ್ಸ್ ಪೂರ್ತಿ ಹೋಗದೆ ಸ್ಯಾಂಡ್‌ಪೇಪರ್ ಹಿಡಿಯುವಂತಿಲ್ಲ, ಮೇಣ ಗೀರಿನೊಳಗೇ ಕೂತು ಪೇಂಟ್ ಹಿಡಿಯುವುದಿಲ್ಲ. ಆಮೇಲೆ ಅಂಚಿಗೆ ಟೇಪ್, ಎಪಾಕ್ಸಿ ಪ್ರೈಮರ್, ಪೇಂಟ್. ಅದು ಹಸಿ ಇರುವಾಗಲೇ ಕಾಲಿಗೆ ಹಿಡಿತ ಸಿಗಲೆಂದು ಮರಳಿನಂಥ ಸಣ್ಣ ಹರಳು ಉದುರಿಸಬೇಕು, ಒಣಗಿದ ಮೇಲೆ ಇನ್ನೊಂದು ಕೋಟ್.

"ಕಡಲಬದಿಯ ಹೊಯ್ಗೆ ಸಾಕಲ್ಲ ಮಾರಾಯ?" ಅಂದರು ಮಾವ. ಅದರಲ್ಲಿ ಉಪ್ಪಿದೆ ಮಾವ, ಪೇಂಟ್ ಗುಳ್ಳೆ ಏಳುತ್ತದೆ ಅಂದೆ. ಅವರಿಗೆ ಅಷ್ಟೇನೂ ಒಪ್ಪಿಗೆಯಾಗಲಿಲ್ಲ.

ಟೇಪ್ ಅಂಟಿಸುತ್ತಾ ಅಜ್ಜನ ನೆನಪಾಯಿತು. ಮಳೆಗಾಲ ಬಂತೆಂದರೆ ಅಂಗಳಕ್ಕೆ ಅಡಕೆ ಸೋಗೆ ಹಾಸುತ್ತಿದ್ದರು. ನೋಡಲು ಚಂದವಿಲ್ಲ ಅಂತ ನಾವು ಮಕ್ಕಳು ಮೂಗು ಮುರಿಯುತ್ತಿದ್ದೆವು. ಆ ಅಂಗಳದಲ್ಲಿ ಬಿದ್ದವರು ಯಾರೂ ನೆನಪಿಲ್ಲ.

ನಾಳೆ ಎರಡನೇ ಕೋಟ್. ಮೋಡ ಕಾಣಿಸುತ್ತಿದೆ, ನೋಡೋಣ.