ಕರಿಬೇವಿನ ಕುಂಡದಲ್ಲಿ ಒಂದು ಕೋಶ

ಮುಂಬೈಯ ಮಾಟುಂಗಾದ ನಮ್ಮ ಗ್ಯಾಲರಿಯ ಕರಿಬೇವಿನ ಗಿಡದಲ್ಲಿ ಒಗ್ಗರಣೆಗೂ ಎಲೆ ಉಳಿಸದ ಚಿಟ್ಟೆಯ ಹಸಿರು ಹುಳುವೊಂದು, ನಡುವಿಗೆ ರೇಷ್ಮೆಯ ಎಳೆ ಸುತ್ತಿಕೊಂಡು ಕಡ್ಡಿಗೆ ಒರಗಿ, ಕೊನೆಯ ಪೊರೆ ಕಳಚಿ ಕೋಶ (ಪ್ಯೂಪಾ) ಆಯಿತು. ಕೋಶದೊಳಗೆ ಹುಳುವಿನ ದೇಹವೆಲ್ಲ ಕರಗಿ ಗಂಜಿಯಾಗುತ್ತದೆಂದು ನಾನೂ ನಂಬಿದ್ದೆ, ಅದು ಅರ್ಧಸತ್ಯ. ಹಳೆಯ ಸ್ನಾಯುಗಳಲ್ಲಿ ಹೆಚ್ಚಿನವು ಕರಗುವುದು ನಿಜವಾದರೂ, ರೆಕ್ಕೆ, ಕಾಲು, ಕಣ್ಣುಗಳಾಗಬೇಕಾದ ಜೀವಕೋಶಗಳ ಪುಟ್ಟ ಗುಚ್ಛಗಳು ಹುಳುವಿನ ಮೈಯಲ್ಲಿ ಮೊದಲೇ ಇದ್ದು, ಈಗ ಆ ಸಾರವನ್ನು ಹೀರಿ ಬೆಳೆಯುತ್ತವೆ. ಉಸಿರುನಾಳಗಳ ಜಾಲವಂತೂ ಪೂರ್ತಿ ಅಳಿಯುವುದಿಲ್ಲವೆಂಬುದು ಜೀವಂತ ಚಿಟ್ಟೆಕೋಶಗಳ ಸಿ.ಟಿ. ಸ್ಕ್ಯಾನ್ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡಿತು. ಪತಂಗಗಳಲ್ಲಿ ಹಲವು ಇದೇ ಕೆಲಸವನ್ನು ರೇಷ್ಮೆಗೂಡಿನೊಳಗೋ ಮಣ್ಣಿನೊಳಗೋ ಅಡಗಿ ಮಾಡುತ್ತವೆ.

ಹನ್ನೊಂದನೆಯ ಬೆಳಿಗ್ಗೆ ನಮ್ಮ ಕೋಶ ಕಪ್ಪಾಗಿ, ರೆಕ್ಕೆಯಂಚಿನ ಬಿಳಿ ಚುಕ್ಕೆಗಳು ಹೊರಗಿನಿಂದಲೇ ಕಾಣಿಸಿದವು. ಹೊರಬಂದ ಚಿಟ್ಟೆ ಕಲ್ಮಷದ ಹನಿಯೊಂದನ್ನು ಕುಂಡದ ಅಂಚಿಗೆ ಬೀಳಿಸಿ, ಮುದುಡಿದ ರೆಕ್ಕೆಗಳಿಗೆ ದ್ರವ ತುಂಬಿಸಿಕೊಳ್ಳುತ್ತ ನೇತಾಡಿತು.