ಕೈ ಮೊದಲೋ, ಬೆನ್ನು ಮೊದಲೋ

14 ಡಿಸೆಂಬರ್ 2024, ಶನಿವಾರ
ಕುಣಿಗಲ್

ಸಂಜೆ ಕುದುರೆಯ ಜೀನು ಇಳಿಸುವಾಗ, ಸವಾರಿ ಕಲಿಯುತ್ತಿರುವ ಪುಟ್ಟಿ ಕೇಳಿದಳು: "ಮಾಮ, ಬೆನ್ನು ನೆಟ್ಟಗೆ ಮಾಡಿದ್ರೆ ಕೈ ಬಿಗಿಯಾಗುತ್ತೆ, ಕೈ ಸಡಿಲ ಬಿಟ್ರೆ ಬೆನ್ನು ಗೂನಾಗುತ್ತೆ. ಮೊದ್ಲು ಯಾವ್ದು ಸರಿ ಮಾಡ್ಕೊಳ್ಳಿ?"

ಎರಡೂ ಅಲ್ಲ ಕಣೇ, ಕಾಲಿಡುವ ರಿಕಾಪು ಎಂದೆ. ಮುಖ ಸಣ್ಣಗಾಯಿತು.

ರಿಕಾಪಿನ ಬಾರು ಉದ್ದವಾದರೆ ಕಾಲ್ಬೆರಳಲ್ಲಿ ಅದನ್ನು ತಡಕಾಡಬೇಕು. ಹಿಮ್ಮಡಿ ಮೇಲೇಳುತ್ತದೆ, ಮಂಡಿ ಜೀನನ್ನು ಕಚ್ಚುತ್ತದೆ, ಮೈ ಮುಂದಕ್ಕೆ ಬೀಳುತ್ತದೆ. ಆಗ ಆಸರೆಗೆ ಸಿಗುವುದು ಲಗಾಮು ಒಂದೇ. ಹತ್ತುವ ಮೊದಲು ಬೆರಳತುದಿ ಬಾರಿನ ಬಕಲ್‌ಗಿಟ್ಟು ತೋಳು ಚಾಚಿದರೆ ರಿಕಾಪು ಕಂಕುಳಿಗೆ ಬರಬೇಕು. ಹತ್ತಿ ಕಾಲು ಇಳಿಬಿಟ್ಟರೆ ಅದರ ತಳ ಕಾಲಿನ ಹರಡಿಗೆ ತಾಗಬೇಕು. ಆಮೇಲೆ ಕಿವಿ, ಭುಜ, ಸೊಂಟ, ಹಿಮ್ಮಡಿ ಗಾರೆಯವರ ತೂಗುಗುಂಡಿನ ದಾರ ಬಿಟ್ಟಂತೆ ಒಂದೇ ಸಾಲಿಗೆ ಬರುತ್ತವೆ. "ಎದೆ ಉಬ್ಬಿಸು" ಎಂದು ಕೂಗುವವರನ್ನು ಕಂಡರೆ ನನಗಾಗದು. ಉಬ್ಬಿಸಿದರೆ ನಡು ಬಿಗಿದು, ಪ್ರತಿ ಹೆಜ್ಜೆಯ ಕುಲುಕು ಕೈಗೇ ಏರುತ್ತದೆ.

ಇನ್ನು ಕೈ. ಲಗಾಮು ಕಿರುಬೆರಳು, ಉಂಗುರದ ಬೆರಳಿನ ನಡುವೆ ಒಳಬಂದು ತೋರುಬೆರಳ ಮೇಲೆ ಹೊರಬೀಳಬೇಕು. ಜಾರದಂತೆ ತಡೆಯುವುದು ಹೆಬ್ಬೆರಳಿನ ಕೆಲಸ, ಮುಷ್ಟಿಯದಲ್ಲ. ಹೆಬ್ಬೆರಳು ಮೇಲಕ್ಕೆ, ಎರಡು ಕೈ ನಡುವೆ ಸುಮಾರು 10 ಸೆಂ.ಮೀ., ಮೊಣಕೈಯಿಂದ ಕುದುರೆಯ ಬಾಯಿಗೆ ನೇರ ಗೆರೆ. ಪುಟ್ಟಿ ರೊಟ್ಟಿ ತಟ್ಟುವವಳಂತೆ ಅಂಗೈ ಕವುಚುತ್ತಾಳೆ. ಮೊಣಕೈ ಹೊರಕ್ಕೆ ಹೋಗುತ್ತದೆ, ಭುಜ ಕಿವಿಗೇರುತ್ತದೆ.

"ಕೈ ಅಲುಗಿಸಬೇಡ" ಅಂತ ಯಾರೋ ಹೇಳಿಕೊಟ್ಟಿದ್ದಾರೆ. ಅರ್ಧ ಮಾತು. ನಡಿಗೆಯಲ್ಲಿ ಕುದುರೆ ಹೆಜ್ಜೆಹೆಜ್ಜೆಗೂ ತಲೆ ತೂಗುತ್ತದೆ, ಕೈ ಅದರ ಜೊತೆ ಹೋಗಿ ಬರಬೇಕು. ಟ್ರಾಟ್‌ನಲ್ಲಿ, ಅಂದರೆ ಕುಲುಕು ಓಟದಲ್ಲಿ, ತಲೆ ಸ್ಥಿರ. ಆ ಲಯಕ್ಕೆ ಸವಾರ ಜೀನಿನಿಂದ ಎದ್ದಾಗ ಮೊಣಕೈ ಬಿಚ್ಚಿಕೊಳ್ಳಬೇಕು, ಕೈ ಇದ್ದಲ್ಲೇ ಇರಬೇಕು. ಇವಳದು ಉಲ್ಟಾ. ಕುದುರೆಯ ಕತ್ತಿಗೊಂದು ಪಟ್ಟಿ ಕಟ್ಟಿ, ಕಿರುಬೆರಳು ಅದಕ್ಕೆ ಸಿಕ್ಕಿಸಿ ಹತ್ತು ಸುತ್ತು ಹಾಕಿದರೆ, ಕೈ ಏರಿದಾಗೆಲ್ಲ ಪಟ್ಟಿಯೇ ಎಳೆದು ಹೇಳುತ್ತದೆ.

ಅವಳ ಕುದುರೆ ರೇಸಿನಿಂದ ಬಂದ ಥರೋಬ್ರೆಡ್, ಓಟಕ್ಕೆಂದೇ ಬೆಳೆಸಿದ ತಳಿ. ರೇಸು ಕುದುರೆ ಸಾಕಣೆಗೆ ಹೆಸರಾದ ಈ ಊರಲ್ಲಿ ಅದನ್ನು ಬಿಡಿಸಿ ಹೇಳಬೇಕಿಲ್ಲ. ಲಗಾಮು ಬಿಗಿದಷ್ಟೂ ಅದಕ್ಕೊರಗಿ ಓಡಲು ಕಲಿತ ಬಾಯಿ. ನಿಲ್ಲಲೆಂದು ಜಗ್ಗಿದರೆ ಇನ್ನೂ ಜೋರಾಗುತ್ತದೆ. ಬೆರಳು ಒತ್ತಿ, ತಕ್ಷಣ ಬಿಡಬೇಕು. ಕಡಿವಾಣ ಕೂರುವುದು ಹಲ್ಲಿಲ್ಲದ ಬರಿ ವಸಡಿನ ಮೇಲೆ, ಅದರ ಕೆಳಗೇ ಮೂಳೆ.

ಇನ್ನೊಂದು ಅನುಮಾನ. ಅವಳು ಒಂದೇ ಕಡೆಗೆ ವಾಲುತ್ತಾಳೆ. ಬೆನ್ನಿನ ದೋಷವೆಂದೇ ನಂಬಿದ್ದೆ. ಸದಾ ಎಡದಿಂದಲೇ ಹತ್ತುವುದರಿಂದ ಎಡಬಾರು ಹಿಗ್ಗಿರುತ್ತದೆ. ತೂತು ಎಣಿಸಿದರೆ ಎರಡೂ ಸಮ ಕಂಡರೂ ಉದ್ದ ಬೇರೆ ಇರಬಹುದು. ನಾಳೆ ಎರಡನ್ನೂ ಬಿಚ್ಚಿ ಜೊತೆಗೆ ತೂಗುಹಾಕಿ ನೋಡಬೇಕು.